ಎಂಟು ಚೌಕದ ನೆಗೆತ

"ಶಿವರುದ್ರಪ್ಪನೋರು ದಾರಿ ತಪ್ಪಿದ್ರೂ ತಪ್ಪಬಹುದು, ಎಣಿಕೆ ಮಾತ್ರ ತಪ್ಪೋರಲ್ಲ." ಚಾಮರಾಜಪೇಟೆಯ ಆ ಅಡ್ಡರಸ್ತೆಯಲ್ಲಿ ಇಪ್ಪತ್ತು ವರ್ಷ ಬಾಯಿಂದ ಬಾಯಿಗೆ ಓಡಾಡಿದ ಮಾತು ಇದು. ಪಕ್ಕದ ಮನೆಯ ವಿಶಾಲಾಕ್ಷಮ್ಮ ಲಕ್ಷಬತ್ತಿಯ ಹರಕೆ ಹೊತ್ತು, ವರ್ಷಗಟ್ಟಲೆ ಬತ್ತಿ ಹೊಸೆದು ಡಬ್ಬಿಗಳಲ್ಲಿ ತುಂಬಿಟ್ಟಾಗ, ತಮ್ಮ ಸೊಸೆಯರ ಲೆಕ್ಕವನ್ನು ನಂಬದೆ ಶಿವರುದ್ರಪ್ಪನವರನ್ನೇ ಕರೆಸಿದರು. ಅವರು ಜಗಲಿಯ ಮೇಲೆ ಕೂತು ಎರಡು ವಾರ ಎಣಿಸಿ, "ಅಮ್ಮಾ, ಹದಿನಾಲ್ಕು ಕಮ್ಮಿ ಇವೆ" ಎಂದರು. ವಿಶಾಲಾಕ್ಷಮ್ಮ ಮರುಮಾತಾಡದೆ ಮತ್ತೆ ಹತ್ತಿ ತೆಗೆದುಕೊಂಡು ಕೂತರು. ಸೊಪ್ಪು ಮಾರುವ ಮುನಿಲಕ್ಷ್ಮಮ್ಮನಂತೂ ಅವರು ಬಾಗಿಲಲ್ಲಿ ಕಂಡರೆ, "ಅಯ್ಯೋರು ನೋಡ್ತಾವ್ರೆ, ತಡಿ ತಾಯಿ, ಇನ್ನೊಂದು ಕಿತ ಎಣಿಸ್ಬಿಡ್ತೀನಿ" ಎನ್ನುತ್ತಿದ್ದಳು.

ಅವರ ಕಸುಬೇ ಎಣಿಕೆಯದು. ಕಬ್ಬನ್‌ಪೇಟೆಯ ರೇಷ್ಮೆ ಮಗ್ಗಗಳಿಗೆ ಸೀರೆಯ ಅಂಚು, ಸೆರಗುಗಳ ಗ್ರಾಫ್ ಬರೆದುಕೊಡುತ್ತಿದ್ದರು. ಗ್ರಾಫ್ ಕಾಗದದಲ್ಲಿ ಒಂದೊಂದು ಚೌಕವೂ ಒಂದೊಂದು ಎಳೆ. ಕೆಂಪು ತುಂಬಿದ ಚೌಕ ಜರಿ, ಬಿಳಿ ಬಿಟ್ಟ ಚೌಕ ರೇಷ್ಮೆ. ಅದನ್ನು ನೋಡಿಕೊಂಡು ಇನ್ನೊಬ್ಬರು ರಟ್ಟಿಗೆ ತೂತು ಹೊಡೆಯುತ್ತಾರೆ, ಆ ರಟ್ಟು ಹೇಳಿದಂತೆ ಮಗ್ಗ ನೇಯುತ್ತದೆ. ಗ್ರಾಫಿನಲ್ಲಿ ಒಂದು ಚೌಕ ತಪ್ಪಿದರೆ ಗಿಣಿಯ ಕೊಕ್ಕು ಮುರಿಯುತ್ತದೆ. ಒಂದು ಗಿಣಿಯದಲ್ಲ, ಸೀರೆಯುದ್ದಕ್ಕೂ ಇರುವ ಅಷ್ಟೂ ಗಿಣಿಗಳದು. ಶಿವರುದ್ರಪ್ಪನವರ ಕೈಯಲ್ಲಿ ಒಂದು ಗಿಣಿಯೂ ಕೊಕ್ಕು ಮುರಿದುಕೊಂಡಿರಲಿಲ್ಲ.

ಆ ಕಾಗದದ್ದೊಂದು ಸಂಗತಿಯನ್ನು ಇಲ್ಲೇ ಹೇಳಿಬಿಡಬೇಕು, ಏಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಕಾಗದದ ಮೇಲೆ ದಪ್ಪ ಗೆರೆಯ ಖಾನೆಗಳಿರುತ್ತವೆ. ಕಣ್ಣಿಗೆ ಉದ್ದವೂ ಅಗಲವೂ ಒಂದೇ. ಒಳಗೆ ಮಾತ್ರ, ಮೇಲಿನಿಂದ ಕೆಳಕ್ಕೆ ಎಂಟು ಚೌಕ, ಅಡ್ಡಕ್ಕೆ ಹತ್ತು. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ರೇಷ್ಮೆಯ ಹಾಸು ಒತ್ತಾಗಿ ನಿಲ್ಲುತ್ತದೆ, ಅದರ ನಡುವೆ ಅಡ್ಡ ಹಾಯುವ ಜರಿಯ ಹೊಕ್ಕು ದಪ್ಪ; ಅದಕ್ಕೆ ಹಾಗೆ. ನೇಯುವವರು ಎಣಿಸುವುದು ಹೊಕ್ಕನ್ನೇ. ಹಾಗಾಗಿ ಮಗ್ಗದ ಕೇರಿಯಲ್ಲಿ ಖಾನೆ ಎಂದರೆ ಎಂಟು. ಅಡ್ಡದ ಹತ್ತನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹಾಸು ಮಗ್ಗಕ್ಕೇರಿದ ದಿನವೇ ಆ ಮಾತು ಮುಗಿದಂತೆ.

ಇಷ್ಟೆಲ್ಲ ಬರೆದರೂ ಅವರ ಹೆಸರು ಎಲ್ಲೂ ಇರಲಿಲ್ಲ. ಸೀರೆಯ ಪೆಟ್ಟಿಗೆಯ ಮೇಲೆ ಅಂಗಡಿಯ ಹೆಸರು. ನೇಯ್ದವರನ್ನಾದರೂ ಒಬ್ಬರಿಬ್ಬರು ನೆನೆಯುತ್ತಾರೆ, ಗ್ರಾಫ್ ಬರೆದವರನ್ನು ಯಾರು ಕೇಳುತ್ತಾರೆ? ಮದುವೆ ಮನೆಗಳಲ್ಲಿ ಯಾರಾದರೂ ಹೆಂಗಸು ಎದುರು ಹಾದುಹೋದರೆ ಶಿವರುದ್ರಪ್ಪನವರು ಹೆಂಡತಿಯ ಕಿವಿಯಲ್ಲಿ ಮೆಲ್ಲಗೆ, "ಆ ಅಂಚು ನಂದು" ಎನ್ನುತ್ತಿದ್ದರು.

"ಸುಮ್ನಿರ್ರೀ," ಎಂದು ಶಕುಂತಲಮ್ಮ ಮೊಣಕೈಯಲ್ಲಿ ತಿವಿಯುತ್ತಿದ್ದರು. "ಕಂಡೋರ ಹೆಂಡ್ತೀರ ಸೆರಗು ನೋಡ್ತಾ ಕೂತಿದಾರೆ ಅಂದಾರು."

ಗಂಡ ಹೆಂಡತಿ ಇಬ್ಬರೇ. ಮಕ್ಕಳಿರಲಿಲ್ಲ. ತನ್ನ ಹಿಂದೆ ತನ್ನ ಹೆಸರು ಹೇಳುವ ಒಂದಾದರೂ ವಸ್ತು ಉಳಿಯಲಿ ಎಂಬ ಆಸೆ ಅವರಿಗೆ ಒಳಗೊಳಗೇ ಇತ್ತು. ಆ ಆಸೆ ಕೈಗೆಟಕುವಂತೆ ಕಂಡದ್ದು ತೊಂಬತ್ತೈದನೇ ಇಸವಿಯಲ್ಲಿ, ಅವರಿಗೆ ಐವತ್ತೊಂದಾಗಿದ್ದಾಗ.

ಎಸ್.ಪಿ. ರಸ್ತೆಯಲ್ಲಿ ಟಿ.ವಿ. ಗೇಮು, ಅದರ ಕ್ಯಾಸೆಟ್ಟು ಮಾರುತ್ತಿದ್ದ ಅನಿಲ್ ಕುಮಾರ್ ಎಂಬುವನು ಕಬ್ಬನ್‌ಪೇಟೆಯ ನೇಕಾರ ಮರಿಯಣ್ಣನನ್ನು ಜೊತೆಗೆ ಕರೆದುಕೊಂಡು ಮನೆಗೆ ಬಂದ. ಹೊರದೇಶದ ಗೇಮುಗಳನ್ನು ಮಾರಿ ಮಾರಿ ಅವನಿಗೆ ಬೇಸರ ಬಂದಿತ್ತು. ನಮ್ಮ ಊರಿನದೇ ಒಂದು ಗೇಮು ಮಾಡಬೇಕು ಅಂತ ಹಟ. ಲಕ್ಕಿ ಅಂತ ಒಬ್ಬ ಹುಡುಗಿ, ಕೃಷ್ಣರಾಜ ಮಾರುಕಟ್ಟೆಯಿಂದ ಹೂವಿನ ಬುಟ್ಟಿ ಹೊತ್ತು ಸೂರಿಂದ ಸೂರಿಗೆ ಹಾರುತ್ತ ಬಸವನಗುಡಿಯವರೆಗೆ ಹೋಗಬೇಕು.

"ಟಿ.ವಿ. ಚಿತ್ರಾನೂ ಚೌಕದ ಮೇಲೆ ಚೌಕಾನೇ ಸ್ವಾಮಿ," ಎಂದ ಅನಿಲ್ ಕುಮಾರ್. "ಊರಲ್ಲಿ ಚೌಕ ಬಲ್ಲೋರು ಯಾರು ಅಂದೆ. ಈ ಮರಿಯಣ್ಣ ನಿಮ್ಮ ಹೆಸರು ಹೇಳಿದ. ಮೊದಲನೇ ಸ್ಕ್ರೀನಲ್ಲೇ ಹಾಕ್ತೀನಿ, 'ಚಿತ್ರ: ಶಿವರುದ್ರಪ್ಪ' ಅಂತ. ಕನ್ನಡದಲ್ಲೇ."

ಶಿವರುದ್ರಪ್ಪನವರು ಬೇರೇನನ್ನೂ ಕೇಳಲಿಲ್ಲ.

ಗೇಮನ್ನು ಕಂಪ್ಯೂಟರಿಗೆ ಬರೆಯಲು ಇದ್ದವನು ಅಭಿರಾಮ. ಬಸವನಗುಡಿಯವನು, ಇಪ್ಪತ್ತನಾಲ್ಕರ ಪ್ರಾಯ, ಮಿತಭಾಷಿ. ಎಂಟು ತಿಂಗಳು ಶಿವರುದ್ರಪ್ಪನವರ ಮನೆಯ ಮುಂಗೋಣೆಯೇ ಅವರಿಬ್ಬರ ಕಾರ್ಖಾನೆ. ಶಿವರುದ್ರಪ್ಪನವರು ತಾವು ಬಲ್ಲ ಕಾಗದದ ಮೇಲೆಯೇ ಬರೆದರು. ಅಂಗಡಿ ಸೂರುಗಳು ಗೋಪುರದಂಚಿನಂತೆ, ಕೋಟೆಯ ಗೋಡೆ ಜರಿಯ ಸೆರಗಿನಂತೆ, ಹೂವಿನ ರಾಶಿ ಮಾವಿನಬುಟ್ಟಾಗಳಂತೆ ಮೂಡಿದವು. ಅಭಿರಾಮ ಪಕ್ಕದಲ್ಲಿ ಕೂತು ಚೌಕ ಚೌಕವನ್ನೂ ಓದಿ ಬರೆದುಕೊಳ್ಳುತ್ತಿದ್ದ. ಶಕುಂತಲಮ್ಮ ಕಾಫಿ ತಂದಿಟ್ಟರೆ ಇಬ್ಬರೂ ಅದು ಆರಿದ ಮೇಲೆಯೇ ಕುಡಿಯುತ್ತಿದ್ದುದು.

ಒಂದು ದಿನ ಅಭಿರಾಮ ಕೇಳಿದ: "ಸರ್, ಲಕ್ಕಿ ಒಂದ್ಸಲ ಹಾರಿದ್ರೆ ಎಷ್ಟು ದೂರ ಹೋಗ್ಬೇಕು?"

ಶಿವರುದ್ರಪ್ಪನವರು ಕುಂಚ ಎತ್ತಲಿಲ್ಲ. "ಒಂದು ಖಾನೆ."

"ಖಾನೆ ಅಂದ್ರೆ ಎಷ್ಟು ಸರ್?"

"ಎಂಟು ಕಣಪ್ಪ."

ಅಭಿರಾಮ ಎಂಟು ಎಂದು ಗುರುತು ಹಾಕಿಕೊಂಡ. ಸೂರಿಗೂ ಸೂರಿಗೂ ನಡುವಿನ ಹಳ್ಳಗಳನ್ನು ಶಿವರುದ್ರಪ್ಪನವರು ಒಂದೊಂದು ಖಾನೆ ಅಗಲಕ್ಕೇ ಬಿಟ್ಟಿದ್ದರು. ಅಡ್ಡಕ್ಕೆ ಖಾನೆ ಎಂದರೆ ಹತ್ತು. ಅಭಿರಾಮ ಚಿತ್ರ ನೋಡಿ ಹಳ್ಳಕ್ಕೆ ಹತ್ತು ಚೌಕ ಬರೆದ, ಮಾತು ಕೇಳಿ ನೆಗೆತಕ್ಕೆ ಎಂಟು ಬರೆದ. ಆ ಎರಡು ಅಂಕಿಗಳನ್ನು ಯಾರೂ ಒಂದರ ಪಕ್ಕ ಒಂದಿಟ್ಟು ನೋಡಲಿಲ್ಲ.

ಹಾಗಾದರೆ ಆಡಿ ನೋಡಿದಾಗ ಗೊತ್ತಾಗಲಿಲ್ಲವೇ ಎಂದರೆ, ಲಕ್ಕಿಯ ಪಾದವೇ ಎರಡು ಚೌಕ ಉದ್ದ; ಅದರ ಹಿಮ್ಮಡಿ ಸೂರಿನ ತುತ್ತತುದಿಗೆ ಬಂದ ಆ ಕ್ಷಣದಲ್ಲೇ ಗುಂಡಿ ಒತ್ತಿದರೆ ಆಚೆಯ ಸೂರು ಹೇಗೋ ಕಾಲ್ಬೆರಳಿಗೆ ಸಿಗುತ್ತಿತ್ತು. ದಿನಕ್ಕೆ ನೂರು ಸಲ ಆಡುತ್ತಿದ್ದ ಅಭಿರಾಮನ ಬೆರಳಿಗೆ ಆ ಕ್ಷಣ ಅಭ್ಯಾಸವಾಗಿಬಿಟ್ಟಿತ್ತು. "ಸ್ವಲ್ಪ ಕಷ್ಟ ಆಯ್ತೇನೋ," ಎಂದು ಒಮ್ಮೆ ಅನುಮಾನಿಸಿದ. "ಕಷ್ಟ ಇರ್ಲಿ ಬಿಡು, ಫಾರಿನ್ ಗೇಮೂ ಕಷ್ಟಾನೇ," ಎಂದ ಅನಿಲ್ ಕುಮಾರ್. ಕ್ಯಾಸೆಟ್ಟಿನೊಳಗೆ ಕೂರಿಸುವ ಚಿಪ್‌ಗಳು ಹೊರದೇಶದಿಂದ ತಯಾರಾಗಿ ಬಂದವು. ಅವುಗಳಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ, ತಿದ್ದುವಂತಿಲ್ಲ.

ತೊಂಬತ್ತಾರರ ದಸರೆಗೆ ಕ್ಯಾಸೆಟ್ಟು ಹೊರಬಂತು. ಶಿವರುದ್ರಪ್ಪನವರು ಒಂದನ್ನು ವಿಶಾಲಾಕ್ಷಮ್ಮನ ಮೊಮ್ಮಗಳು ಸುಪ್ರಜಾಳಿಗೆ ಕೊಟ್ಟು, ಆ ಮನೆಯ ಟಿ.ವಿ. ಮುಂದೆಯೇ ಕುರ್ಚಿ ಹಾಕಿಕೊಂಡು ಕೂತರು. ನೀಲಿ ತೆರೆಯ ಮೇಲೆ ಅವರ ಹೆಸರು ಬಂತು. ವಿಶಾಲಾಕ್ಷಮ್ಮ ಕನ್ನಡಕ ಹುಡುಕಿ ಹಾಕಿಕೊಂಡು ಗಟ್ಟಿಯಾಗಿ ಓದಿದರು. ಶಕುಂತಲಮ್ಮ ಬಾಗಿಲ ಹತ್ತಿರ ನಿಂತೇ ಸೆರಗಿನ ತುದಿಯಿಂದ ಕಣ್ಣೊತ್ತಿಕೊಂಡರು. ಆಮೇಲೆ ಮಾರುಕಟ್ಟೆ ಬಂತು, ಸೂರುಗಳು ಬಂದವು, ಲಕ್ಕಿ ಬುಟ್ಟಿ ಹೊತ್ತು ಓಡಿದಳು, ಹಾರಿದಳು, ಹಳ್ಳಕ್ಕೆ ಬಿದ್ದಳು.

ಮತ್ತೆ ಹಾರಿದಳು, ಮತ್ತೆ ಬಿದ್ದಳು. ಹತ್ತು ಸಲ, ಇಪ್ಪತ್ತು ಸಲ. ಸುಪ್ರಜಾ ತುಟಿ ಕಚ್ಚಿ ಆಡಿದಳು. ಶಿವರುದ್ರಪ್ಪನವರೂ ಒಂದು ಕೈ ನೋಡಿದರು.

"ಚಿತ್ರ ತುಂಬಾ ಚೆನ್ನಾಗಿದೆ ಅಂಕಲ್," ಎಂದಳು ಆ ಮಗು, ದಾಕ್ಷಿಣ್ಯಕ್ಕೆ. "ಆದ್ರೆ ಇವಳಿಗೆ ಹಾರೋಕೇ ಬರಲ್ಲ."

ಊರೆಲ್ಲ ಅದನ್ನೇ ಹೇಳಿತು. ಸೂರಿಂದ ಸೂರಿಗೆ ಹಾರುವುದೇ ಆ ಗೇಮಿನ ಜೀವ. ಆ ಜೀವವೇ ಮೊದಲ ಹಳ್ಳದಲ್ಲಿ ಹೋಗುತ್ತಿತ್ತು. ಕೋಟೆಯನ್ನೂ ಹೂವಿನ ರಾಶಿಗಳನ್ನೂ ಕಂಡವರೇ ಇಲ್ಲ. ದೀಪಾವಳಿಯೊಳಗೆ ಕ್ಯಾಸೆಟ್ಟುಗಳು ಮೂಟೆ ಮೂಟೆಯಾಗಿ ಅಂಗಡಿಗೆ ವಾಪಸು ಬಂದವು.

ಅನಿಲ್ ಕುಮಾರ್ ಇಬ್ಬರನ್ನೂ ಕರೆಸಿದ. ಅಕ್ಕಪಕ್ಕದ ಅಂಗಡಿಯವರು ಸುತ್ತ ನಿಂತಿದ್ದರು.

"ಏನಪ್ಪಾ ಇದು?" ಎಂದು ಅಭಿರಾಮನನ್ನು ಕೇಳಿದ. "ಹಾರೋ ಗೇಮಲ್ಲಿ ಹಾರೋಕಾಗಲ್ಲ ಅಂದ್ರೆ ಏನರ್ಥ? ಈಜು ಬರದೇ ಇರೋ ಮೀನು ಮಾಡ್ಕೊಟ್ಟಿದ್ಯಲ್ಲ."

"ಸರ್ ಹೇಳಿದ ಹಾಗೇನೇ ಬರ್ದಿದೀನಿ," ಎಂದ ಅಭಿರಾಮ. ಅವನ ದನಿ ಇಳಿದಿತ್ತು.

ಅನಿಲ್ ಕುಮಾರ್ ತಿರುಗಿದ. "ಶಿವರುದ್ರಪ್ಪನೋರೇ, ನಿಮ್ಮ ಕಡೆ ಏನಾದ್ರೂ ಹೆಚ್ಚುಕಮ್ಮಿ ಆಯ್ತಾ?"

ಅಷ್ಟು ಜನ ಅವರನ್ನೇ ನೋಡುತ್ತಿದ್ದರು. ಅವರಿಗೆ ಆಗ ಅನುಮಾನವೂ ಇರಲಿಲ್ಲ ಎನ್ನುವುದು ನಿಜ. ಆದರೆ ಒಮ್ಮೆ ನೋಡಿ ಹೇಳುತ್ತೇನೆ ಎನ್ನಬಹುದಿತ್ತು, ಅನ್ನಲಿಲ್ಲ. "ಮೂವತ್ತು ವರ್ಷದಿಂದ ಎಣಿಸ್ತಿದೀನಿ," ಎಂದರು. "ನನ್ನ ಎಣಿಕೆ ತಪ್ಪಲ್ಲ."

ಅಲ್ಲಿಗೆ ಪಂಚಾಯ್ತಿ ಮುಗಿಯಿತು. ಅಭಿರಾಮ ತನ್ನ ಪುಸ್ತಕಗಳನ್ನು ಎತ್ತಿಕೊಂಡು ಹೊರಟ. ಎಣಿಸೋಕೆ ಬರದೇ ಇರೋ ಎಂಜಿನಿಯರು ಎಂಬ ಹೆಸರು ಅವನಿಗಿಂತ ಮುಂಚೆಯೇ ರಸ್ತೆಯ ಕೊನೆ ಮುಟ್ಟಿತ್ತು. ಆ ಬೀದಿಯಲ್ಲಿ ಯಾರೂ ಅವನಿಗೆ ಮತ್ತೆ ಕೆಲಸ ಕೊಡಲಿಲ್ಲ.

ವಾರ ಕಳೆದು ಸುಪ್ರಜಾ ಓಡಿ ಬಂದಳು. "ಅಂಕಲ್, ನಾನು ಟಿ.ವಿ. ಮೇಲೆ ಬೆರಳಿಟ್ಟು ಎಣಿಸ್ದೆ. ಹಳ್ಳ ಹತ್ತು ಚೌಕ ಇದೆ. ಇವಳು ಹಾರೋದು ಎಂಟೇ."

"ಸರಿಯಾಗಿ ಎಣಿಸಿಲ್ಲ ನೀನು."

"ಮೂರು ಸಲ ಎಣಿಸ್ದೆ."

"ಇರಲಾರದು. ಹೋಗಮ್ಮ, ಓದ್ಕೋ ಹೋಗು."

ಮಗು ಹೋದ ಮೇಲೆ ಬಾಗಿಲು ಹಾಕಿ, ಸುರುಳಿ ಸುತ್ತಿಟ್ಟಿದ್ದ ಗ್ರಾಫ್ ಬಿಚ್ಚಿದರು. ಎಣಿಸಬೇಕಾಗಿಯೇ ಇರಲಿಲ್ಲ. ಮೊದಲ ಹಳ್ಳದ ಮೇಲೆ ಕಣ್ಣು ಬಿದ್ದ ಕೂಡಲೇ ಅಭಿರಾಮನ ಪ್ರಶ್ನೆಯೂ ತಾವು ಕುಂಚ ಎತ್ತದೆ ಕೊಟ್ಟ ಉತ್ತರವೂ ಕಿವಿಗೆ ಬಂದವು. ಅವನು ಕೇಳಿದ್ದು ಅಡ್ಡದ ದೂರ. ತಾವು ಕೊಟ್ಟದ್ದು ಉದ್ದದ ಲೆಕ್ಕ. ಶಿವರುದ್ರಪ್ಪನವರು ಆ ಕಾಗದವನ್ನು ಮತ್ತೆ ಸುರುಳಿ ಸುತ್ತಿಟ್ಟರು. ಶಕುಂತಲಮ್ಮ ಊಟಕ್ಕೆ ಕರೆದರೆ ಹೊಟ್ಟೆ ಸರಿಯಿಲ್ಲ ಎಂದರು.

ಅವತ್ತೇ ಎದ್ದು ಹೋಗಿ ಹೇಳಿದ್ದರೆ ಒಂದು ದಿನದ ಅವಮಾನದಲ್ಲಿ ಮುಗಿಯುತ್ತಿತ್ತು. ನಾಳೆ ಹೇಳೋಣ ಎಂದುಕೊಂಡರು. ನಾಳೆ ಎನ್ನುವುದು ಸಾಲದ ಹಾಗೆ ಬೆಳೆಯಿತು. ಹೇಳಿದರೆ ಮಗ್ಗದ ಕೇರಿ ಏನನ್ನುತ್ತದೆ, ಇನ್ನು ಯಾರು ತನ್ನ ಗ್ರಾಫ್ ನಂಬುತ್ತಾರೆ ಎಂಬುದು ಒಂದು ಭಯ. ಇನ್ನೊಂದನ್ನು ತಮಗೆ ತಾವೇ ಹೇಳಿಕೊಳ್ಳುತ್ತಿರಲಿಲ್ಲ: ನೀಲಿ ತೆರೆಯ ಮೇಲೆ ಬಂದ ಆ ಹೆಸರಿನ ಪಕ್ಕದಲ್ಲಿ ತಪ್ಪೊಂದು ಬಂದು ಕೂರುವುದು ಅವರಿಗೆ ಬೇಡವಾಗಿತ್ತು.

ಅಭಿರಾಮ ಸುಲ್ತಾನ್‌ಪೇಟೆಯ ಲಗ್ನಪತ್ರಿಕೆಯ ಅಂಗಡಿಯೊಂದರಲ್ಲಿ ಅಕ್ಷರ ಜೋಡಿಸುವ ಕೆಲಸಕ್ಕೆ ಸೇರಿದ್ದಾನೆ ಎಂದು ಮರಿಯಣ್ಣ ಹೇಳಿದ. ಅಂದಿನಿಂದ ಶಿವರುದ್ರಪ್ಪನವರು ಕಬ್ಬನ್‌ಪೇಟೆಗೆ ಹೋಗುವಾಗ ಸುಲ್ತಾನ್‌ಪೇಟೆಯನ್ನು ಬಿಟ್ಟು ಕಾಟನ್‌ಪೇಟೆಯ ಮೇಲೆ ಸುತ್ತಿ ಹೋಗತೊಡಗಿದರು. ಲಗ್ನಪತ್ರಿಕೆ ಯಾರದೇ ಬರಲಿ, ಶಕುಂತಲಮ್ಮನಿಂದ ಓದಿಸಿ ಕೇಳುತ್ತಿದ್ದರು, ಕೈಗೆ ತೆಗೆದುಕೊಳ್ಳುತ್ತಿರಲಿಲ್ಲ. ಹೀಗೆ ಒಂಬತ್ತು ವರ್ಷ. ಬೀದಿಯವರು ಮಾತ್ರ, ಎಣಿಕೆ ತಪ್ಪೋರಲ್ಲ ಎಂಬ ಅದೇ ಹಳೆಯ ಮಾತನ್ನು ಹೇಳುತ್ತಲೇ ಇದ್ದರು. ಕೇಳಿದಾಗಲೆಲ್ಲ ಅವರು ತಲೆ ತಗ್ಗಿಸುತ್ತಿದ್ದರು. ಜನ ಅದನ್ನು ವಿನಯ ಎಂದುಕೊಂಡರು.

ಅಷ್ಟರಲ್ಲಿ ಗ್ರಾಫಿನ ಕೆಲಸ ಕಂಪ್ಯೂಟರಿನ ಪಾಲಾಯಿತು. ಎರಡು ಸಾವಿರದ ಐದರಲ್ಲಿ ಮರಿಯಣ್ಣ, "ಬನ್ನಿ ಅಣ್ಣ, ಹೆಂಗ್ ಮಾಡ್ತಾರೆ ಒಂದ್ಸಲ ನೋಡಿ, ನಿಮ್ ಕಣ್ಣಿಗೂ ಬೀಳಲಿ" ಎಂದು ಕಬ್ಬನ್‌ಪೇಟೆಯಲ್ಲೇ ಇದ್ದ ಡಿಸೈನಿನ ಅಂಗಡಿಗೆ ಕರೆದೊಯ್ದ. ಅಲ್ಲಿ ಯಶಶ್ರೀ ಎಂಬ ಹುಡುಗಿ ಕೂತಿದ್ದಳು. ಶಿವರುದ್ರಪ್ಪನವರು ತಮ್ಮ ಹಳೆಯ ಗಿಣಿಯ ಅಂಚೊಂದನ್ನು ಕೊಟ್ಟರು.

"ಖಾನೆಗೆಷ್ಟು ಅಂಕಲ್?"

"ಎಂಟಮ್ಮ."

"ಅದು ಉದ್ದಕ್ಕೆ. ಅಡ್ಡಕ್ಕೆ?"

ಶಿವರುದ್ರಪ್ಪನವರು ತೆರೆಯತ್ತ ಬಗ್ಗಿದರು.

"ಎರಡೂ ಹೇಳ್ಬೇಕು ಅಂಕಲ್. ಒಂದೇ ಹೇಳಿದ್ರೆ ಇದು ಮುಂದಕ್ಕೇ ಹೋಗಲ್ಲ. ನೋಡಿ, ಎರಡು ಡಬ್ಬಿ ಕೊಟ್ಟಿದೆ ತುಂಬೋಕೆ."

ತೆರೆಯ ಮೇಲೆ ಒಂದು ಡಬ್ಬಿ ತುಂಬಿತ್ತು, ಇನ್ನೊಂದು ಖಾಲಿ. ಅವರಿಗೆ ಎದೆ ಹಿಡಿದಂತಾಗಿ ಅಲ್ಲೇ ಬೆಂಚಿನ ಮೇಲೆ ಕೂತರು. ಮರಿಯಣ್ಣ ನೀರು ತಂದ. ಮಾರನೆಯ ದಿನ ವೈದ್ಯರು ನೋಡಿ, ಹೃದಯದ್ದು ತೊಂದರೆ, ಆಪರೇಷನ್ ಆಗಬೇಕು ಎಂದು ಸೋಮವಾರಕ್ಕೆ ದಿನ ಕೊಟ್ಟರು. ಅಲ್ಲಿಯವರೆಗೆ ಓಡಾಟ ಬೇಡ ಎಂದರು.

ಶುಕ್ರವಾರ ಶಿವರುದ್ರಪ್ಪನವರು ಸುಲ್ತಾನ್‌ಪೇಟೆಗೆ ನಡೆದೇ ಹೋದರು.

ಅಭಿರಾಮ ಕಂಪ್ಯೂಟರಿನ ಮುಂದೆ ಇದ್ದ. ಕನ್ನಡಕ ಬಂದಿತ್ತು, ಕಿವಿಯ ಮೇಲೆ ನರೆ ಬಂದಿತ್ತು. "ಬನ್ನಿ ಸರ್, ಕೂತ್ಕೊಳ್ಳಿ," ಎಂದು ಸ್ಟೂಲಿನ ಮೇಲಿದ್ದ ಪತ್ರಿಕೆಗಳನ್ನು ಎತ್ತಿದ. "ಮನೇಲಿ ಯಾರದಾದ್ರೂ ಮದುವೇನಾ?"

"ಮದುವೆ ಅಲ್ಲಪ್ಪ." ಸುರುಳಿ ಬಿಚ್ಚಿದರು. ಬೆರಳಿಟ್ಟು ತೋರಿಸಿದರು. ಉದ್ದಕ್ಕೆ ಎಂಟು, ಅಡ್ಡಕ್ಕೆ ಹತ್ತು. "ನೀನು ಕೇಳಿದ್ದಕ್ಕೆ ನಾನು ತಪ್ಪು ಹೇಳ್ದೆ. ಆಮೇಲೆ ವಾರದಲ್ಲೇ ಗೊತ್ತಾಯ್ತು. ಹೇಳಲಿಲ್ಲ."

ಅಭಿರಾಮ ಕನ್ನಡಕ ತೆಗೆದಿಟ್ಟು ಕಾಗದದ ಮೇಲೆ ಬಗ್ಗಿದ. ತಾನೂ ಒಮ್ಮೆ ಎಣಿಸಿದ.

"ವಾರದಲ್ಲೇ ಗೊತ್ತಾಯ್ತಾ?"

"ಹೂಂ."

"ಸರ್, ಇವತ್ತಿಗೂ ನಾನು ಒಂದು ಹೆಸರು ಜೋಡಿಸಿದ್ರೆ ಇನ್ನೊಬ್ಬರ ಹತ್ರ ಓದಿಸ್ತೀನಿ. ಮುಹೂರ್ತದ ಗಂಟೆ ನಿಮಿಷ ಬಂದ್ರೆ ಇಬ್ಬರ ಹತ್ರ. ನನ್ನ ಕಣ್ಣೇ ನನಗೆ ಸುಳ್ಳು ಹೇಳುತ್ತೆ ಅಂದ್ಕೊಂಡು ಬದುಕಿದೀನಿ. ನಮ್ಮಪ್ಪನೂ ಹಾಗೇ ಅಂದ್ಕೊಂಡೇ ಹೋದ್ರು."

ಶಿವರುದ್ರಪ್ಪನವರು ಕೈಮುಗಿದರು. ಅಭಿರಾಮ ಆ ಕೈಗಳನ್ನು ಹಿಡಿದು ಇಳಿಸಿದ. ಸಿಟ್ಟು ಅವನ ಮುಖದಲ್ಲಿತ್ತು, ಕೈಯಲ್ಲಿರಲಿಲ್ಲ.

"ನನಗೆ ಹೇಳಿ ನಿಮ್ಮ ಮನಸ್ಸು ಹಗುರ ಆಯ್ತು, ನನಗೇನಾಯ್ತು ಹೇಳಿ. ನನ್ನನ್ನ ಅವತ್ತು ನಿಲ್ಲಿಸಿದ್ದು ಅನಿಲ್ ಕುಮಾರ್ ಅಂಗಡಿ ಮುಂದೆ. ನೋಡಿದೋರು ಇನ್ನೂ ಅಲ್ಲೇ ಅಂಗಡಿ ಇಟ್ಕೊಂಡಿದಾರೆ. ಹೇಳೋದಿದ್ರೆ ಅಲ್ಲಿ ಹೇಳಿ ಸರ್. ಆಗಲ್ಲ ಅಂದ್ರೆ ಬೇಡ. ಕಾಫಿ ತರಿಸ್ಲಾ?"

"ಬೇಡಪ್ಪ," ಎಂದು ಎದ್ದು ಬಂದರು.

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದರು. ಶಕುಂತಲಮ್ಮ ಅಕ್ಕಿ ಆರಿಸುತ್ತಿದ್ದರು. ಮೊರ ಕೆಳಗಿಟ್ಟರು.

"ಆ ಹುಡುಗ ಎಂಟು ತಿಂಗಳು ನಮ್ಮನೇಲಿ ಊಟ ಮಾಡಿದಾನೆ," ಎಂದರು. ಆಮೇಲೆ, "ನನ್ಗಾದ್ರೂ ಹೇಳ್ಬೋದಿತ್ತು" ಎಂದರು.

ಸೋಮವಾರ ನಡೆದದ್ದನ್ನು ಎಸ್.ಪಿ. ರಸ್ತೆಯ ಹಳೆಯ ಅಂಗಡಿಯವರು ಈಗಲೂ ಹೇಳುತ್ತಾರೆ. ಮುದುಕರೊಬ್ಬರು ಆಟೋದಿಂದ ಇಳಿದು ಬಂದು ಗಲ್ಲಾದ ಮೇಲೆ ಕಾಗದ ಹಾಸಿದರು. ಎದುರಿನವರನ್ನೂ ಪಕ್ಕದವರನ್ನೂ ಹೆಸರು ಹಿಡಿದು ಕರೆದರು. ಅನಿಲ್ ಕುಮಾರನ ಬೆರಳು ಹಿಡಿದು ಚೌಕಗಳ ಮೇಲಿಟ್ಟು ಎಣಿಸುವಂತೆ ಮಾಡಿದರು. "ಈಗ್ಯಾಕೆ ಸ್ವಾಮಿ, ಆ ಗೇಮೂ ಇಲ್ಲ, ಆ ಕಾಲಾನೂ ಇಲ್ಲ," ಎಂದನಂತೆ ಅವನು. "ಆ ಹುಡುಗ ಇದಾನಲ್ಲ," ಎಂದರಂತೆ ಇವರು. ಅಭಿರಾಮ ಆಚೆಯ ಅಂಗಡಿಯ ನೆರಳಲ್ಲಿ ನಿಂತು ಕೇಳಿಸಿಕೊಂಡ ಎನ್ನುವವರಿದ್ದಾರೆ, ಬಂದೇ ಇರಲಿಲ್ಲ ಎನ್ನುವವರೂ ಇದ್ದಾರೆ. ಶಿವರುದ್ರಪ್ಪನವರು ಅಲ್ಲಿಂದ ಆಸ್ಪತ್ರೆಗೆ ಹೋದರು. ಆಪರೇಷನ್ ಆದ ನಾಲ್ಕನೆಯ ದಿನ ತೀರಿಕೊಂಡರು. ಮನೆಗೆ ತಿರುಗಿ ಬರಲಿಲ್ಲ.

ಆ ಸೋಮವಾರ ಬೆಳಿಗ್ಗೆ ಎಂಟೂವರೆಗೆಲ್ಲ ಅವರು ಸಿದ್ಧವಾಗಿದ್ದರು. ಒಗೆದ ಬಿಳಿ ಅಂಗಿ, ಪಂಚೆ. ಬಗಲಲ್ಲಿ ಕಾಗದದ ಸುರುಳಿ. ಶಕುಂತಲಮ್ಮ ಫ್ಲಾಸ್ಕು, ಟವೆಲ್ಲು, ಆಸ್ಪತ್ರೆಯ ಚೀಟಿಗಳಿದ್ದ ಚೀಲ ಹಿಡಿದು ಬಾಗಿಲಿಗೆ ಬೀಗ ಹಾಕಿದರು.

"ಅದ್ಯಾಕ್ರೀ ಆಸ್ಪತ್ರೆಗೆ?" ಎಂದರು ಸುರುಳಿ ನೋಡಿ. ಕೇಳುತ್ತಿದ್ದಂತೆಯೇ ಅವರಿಗೆ ತಿಳಿಯಿತು. "ಡಾಕ್ಟ್ರು ಒಂಬತ್ತೂವರೆ ಅಂದಿದಾರೆ. ಹುಷಾರಾಗಿ ಬಂದ್ಮೇಲೆ ಹೋದ್ರಾಗಲ್ವಾ?"

"ಬಂದ್ಮೇಲೆ ಬಂದ್ಮೇಲೆ ಅಂತಲೇ ಇಷ್ಟು ವರ್ಷ ಆಯ್ತು."

ಶಕುಂತಲಮ್ಮ ಅವರ ಮುಖ ನೋಡಿದರು. ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿ, ಅವರ ತೋಳು ಹಿಡಿದು ಮೆಟ್ಟಿಲಿಳಿಸಿದರು. ಆಟೋದ ಒಳಗೆ ಮೊದಲು ತಾವು ಹತ್ತಿ, ಚೀಲವನ್ನು ಕಾಲ ಹತ್ತಿರ ಸರಿಸಿ, ಅವರಿಗೆ ಜಾಗ ಮಾಡಿದರು.

"ಆಸ್ಪತ್ರೆಗಲ್ವಾ ಯಜಮಾನ್ರೇ?" ಎಂದ ಆಟೋದವನು.

ಶಿವರುದ್ರಪ್ಪನವರು ಬಾಯಿ ತೆರೆಯುವ ಮುಂಚೆ ಶಕುಂತಲಮ್ಮನೇ ಹೇಳಿದರು: "ಮೊದ್ಲು ಎಸ್.ಪಿ. ರೋಡಿಗೆ ಹೋಗಪ್ಪ."